ಐಕ್ಯೂ ಟೆಸ್ಟ್ ಬಗ್ಗೆ ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಜಯನಗರದ ಒಂದು ಸಣ್ಣ ರೂಮಿನಲ್ಲಿ ಮಕ್ಕಳಿಗೆ ಬುದ್ಧಿಮತ್ತೆ ಪರೀಕ್ಷೆ ಮಾಡುವುದು ನನ್ನ ಕೆಲಸ. ಮದುವೆ ಮನೆಯಲ್ಲಿ, ಮೆಟ್ರೋದಲ್ಲಿ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಸಿಕ್ಕವರೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ನಾನು ಅರ್ಧ ಉತ್ತರ ಹೇಳುವಷ್ಟರಲ್ಲಿ ಅವರ ಫ್ಲೋರ್ ಬಂದುಬಿಡುತ್ತದೆ. ಅದಕ್ಕೇ ಪೂರ್ತಿಯಾಗಿ ಇಲ್ಲಿ ಬರೆದಿದ್ದೇನೆ. ಟೆಸ್ಟಿನ ನಿಜವಾದ ಪ್ರಶ್ನೆಗಳನ್ನು ಹೊರಗೆ ಹೇಳುವ ಹಾಗಿಲ್ಲ. ಹಾಗಾಗಿ ಕೆಳಗೆ ಬರುವ ಪ್ರಶ್ನೆಗಳು ಅದೇ ಜಾತಿಯವು, ನಾನು ಮಾಡಿಕೊಂಡವು.

ಬುದ್ಧಿ ಅಂದರೆ ಸೈಕಾಲಜಿಯಲ್ಲಿ ಏನರ್ಥ?

ಕನ್ನಡದಲ್ಲೇ ನೋಡಿ, ಈ ಒಂದು ಪದ ಎಷ್ಟು ಕೆಲಸ ಮಾಡುತ್ತದೆ. "ಬುದ್ಧಿ ಹೇಳು" ಅಂದರೆ ತಿದ್ದು. "ಬುದ್ಧಿ ಕಲಿಸ್ತೀನಿ" ಅಂದರೆ ಬೆದರಿಕೆ. "ಅವನ ಬುದ್ಧಿನೇ ಅಷ್ಟು" ಅಂದರೆ ಸ್ವಭಾವ. ಹಳೇ ಮೈಸೂರು ಕಡೆ ಯಜಮಾನರನ್ನೇ "ಬುದ್ಧೀ" ಅಂತ ಕರೆಯುತ್ತಿದ್ದರು. ಇದ್ಯಾವುದನ್ನೂ ನಾವು ಅಳೆಯುವುದಿಲ್ಲ. "ಆ ಹುಡುಗಿಗೆ ತಲೆ ಚೆನ್ನಾಗಿ ಓಡುತ್ತೆ" ಅನ್ನುತ್ತೀವಲ್ಲ, ಅಲ್ಲಿರುವ ಬುದ್ಧಿಯೇ ನಮ್ಮ ವಿಷಯ.

ಅದನ್ನು ಒಂದು ವಾಕ್ಯದಲ್ಲಿ ಹಿಡಿಯುವುದು ಕಷ್ಟ. 1921ರಲ್ಲಿ ಅಮೆರಿಕದ ಒಂದು ಪತ್ರಿಕೆ ದೊಡ್ಡ ದೊಡ್ಡ ಮನಶ್ಶಾಸ್ತ್ರಜ್ಞರನ್ನು ಇದೇ ಪ್ರಶ್ನೆ ಕೇಳಿತು. ಉತ್ತರ ಕೊಟ್ಟವರು 14 ಜನ, ಮಾತು ಒಬ್ಬೊಬ್ಬರದು ಒಂದೊಂದು. 1923ರಲ್ಲಿ ಎಡ್ವಿನ್ ಬೋರಿಂಗ್ ಬೇಸತ್ತವರ ಹಾಗೆ ಒಂದು ಮಾತು ಬರೆದರು: ಬುದ್ಧಿ ಅಂದರೆ ಬುದ್ಧಿ ಪರೀಕ್ಷೆಗಳು ಅಳೆಯುವ ವಸ್ತು, ಅಷ್ಟೇ. ಜೋಕ್ ಥರ ಕೇಳಿಸುತ್ತದೆ, ಆದರೆ ಅದರಲ್ಲಿ ಒಂದು ಪ್ರಾಮಾಣಿಕತೆ ಇದೆ.

ಈಗ ಹೆಚ್ಚಿನವರು ಒಪ್ಪುವುದು ಇಷ್ಟು. ತರ್ಕ ಮಾಡುವುದು, ಹೊಸ ಸಮಸ್ಯೆ ಬಿಡಿಸುವುದು, ಕಣ್ಣಿಗೆ ಕಾಣದ ವಿಷಯಗಳ ಬಗ್ಗೆ ಯೋಚಿಸುವುದು, ಬೇಗ ಕಲಿಯುವುದು, ಒಮ್ಮೆ ಸುಟ್ಟುಕೊಂಡರೆ ಅದರಿಂದ ಪಾಠ ಕಲಿಯುವುದು. ಒಳ್ಳೆಯತನ ಈ ಪಟ್ಟಿಯಲ್ಲಿ ಇಲ್ಲ. ವಿವೇಕವೂ ಇಲ್ಲ.

ನನ್ನ ಮಗನ ಐಕ್ಯೂ 110 ಬಂದಿದೆ. 110 ಏನು?

ಇದೇ ಮುಖ್ಯವಾದ ಪ್ರಶ್ನೆ, ಇದನ್ನೇ ಜನ ಕೇಳುವುದು ಕಡಿಮೆ.

ಇದು ಸಿಇಟಿ ರ‍್ಯಾಂಕ್ ಇದ್ದ ಹಾಗೆ. ರ‍್ಯಾಂಕ್ ನೋಡಿದರೆ ನಿಮ್ಮ ಮುಂದೆ ಎಷ್ಟು ಜನ ಇದ್ದಾರೆ, ಹಿಂದೆ ಎಷ್ಟು ಜನ ಇದ್ದಾರೆ ಅನ್ನುವುದು ಗೊತ್ತಾಗುತ್ತದೆ, ನಿಮಗೆ ಎಷ್ಟು ಫಿಸಿಕ್ಸ್ ಬರುತ್ತದೆ ಅನ್ನುವುದು ಗೊತ್ತಾಗುವುದಿಲ್ಲ. ಐಕ್ಯೂ ಕೂಡ ಹಾಗೇ. ಒಂದೇ ವಯಸ್ಸಿನ ನೂರಾರು ಜನರಿಗೆ ಮೊದಲೇ ಟೆಸ್ಟ್ ಮಾಡಿ, ಅವರ ಸರಾಸರಿಯನ್ನು 100 ಅಂತ ಇಟ್ಟುಕೊಳ್ಳುತ್ತಾರೆ. ಅಂಕಗಳು ಎಷ್ಟು ಚದುರಿವೆ ಅನ್ನುವುದಕ್ಕೆ 15 ಅಂತ ಒಂದು ಅಳತೆ ಇಡುತ್ತಾರೆ. ಆಮೇಲೆ ನಿಮ್ಮ ಮಗನನ್ನು ಆ ಸಾಲಿನಲ್ಲಿ ನಿಲ್ಲಿಸಿ ನೋಡುತ್ತಾರೆ. 50 ಮಕ್ಕಳ ಒಂದು ಸಾಮಾನ್ಯ ಕ್ಲಾಸ್ ತೆಗೆದುಕೊಳ್ಳಿ. ಅದರಲ್ಲಿ ಸುಮಾರು 34 ಮಕ್ಕಳು 85ರಿಂದ 115ರ ಒಳಗೆ ಇರುತ್ತಾರೆ. 130 ದಾಟುವವರು ಒಬ್ಬರು, 70ಕ್ಕಿಂತ ಕೆಳಗೆ ಒಬ್ಬರು.

ಆದ್ದರಿಂದ ಐಕ್ಯೂ 140 ಇರುವವರಿಗೆ 70 ಇರುವವರ ಎರಡರಷ್ಟು ಬುದ್ಧಿ ಅಂತ ಹೇಳಲು ಬರುವುದಿಲ್ಲ. ಲೀಟರ್, ಕೇಜಿ ಲೆಕ್ಕ ಇದಕ್ಕೆ ನಡೆಯುವುದಿಲ್ಲ. ಯಾರಾದರೂ ಒಂದು ನಂಬರ್ ಹೇಳಿದರೆ ತಕ್ಷಣ ಕೇಳಬೇಕಾದ್ದು: ಯಾರ ಜೊತೆ ಹೋಲಿಸಿದರು? ಯಾವ ಭಾಷೆಯಲ್ಲಿ? ಯಾವ ಕಾಲದ ಸಾಲು ಅದು?

ಇನ್ನೊಂದು ವಿಷಯ. ಒಳ್ಳೆಯ ಟೆಸ್ಟಿನಲ್ಲೂ ಐದು ಅಂಕ ಆಚೀಚೆ ಆಗುವುದು ಸಹಜ. 110 ಅಂದರೆ ಸುಮಾರು 105ರಿಂದ 115. ಪಕ್ಕದ ಮನೆ ಮಗುವಿಗೆ 113 ಬಂತು ಅಂತ ನಿದ್ದೆ ಕೆಡಿಸಿಕೊಂಡವರನ್ನು ನೋಡಿದ್ದೇನೆ.

ಇದನ್ನು ಯಾರು ಶುರು ಮಾಡಿದರು?

ಮೊದಲು ಕೈ ಹಾಕಿದ್ದು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್. 1884ರಲ್ಲಿ ಲಂಡನ್ನಿನ ಒಂದು ವಸ್ತುಪ್ರದರ್ಶನದಲ್ಲಿ ಅಂಗಡಿ ಥರ ಲ್ಯಾಬ್ ಹಾಕಿ, ಬಂದವರ ಕೈಹಿಡಿತ, ಕಿವಿ, ಕಣ್ಣು, ಎಷ್ಟು ಬೇಗ ಪ್ರತಿಕ್ರಿಯೆ ಕೊಡುತ್ತಾರೆ ಎಲ್ಲ ಅಳೆದರು. ಅದರಿಂದ ಬುದ್ಧಿಯ ಬಗ್ಗೆ ಹೆಚ್ಚೇನೂ ತಿಳಿಯಲಿಲ್ಲ.

ದಾರಿ ಸಿಕ್ಕಿದ್ದು ಪ್ಯಾರಿಸ್‌ನಲ್ಲಿ. ಶಾಲೆಯಲ್ಲಿ ಹಿಂದೆ ಬೀಳುವ ಯಾವ ಮಕ್ಕಳಿಗೆ ವಿಶೇಷ ಪಾಠ ಬೇಕು ಅಂತ ಗುರುತಿಸಬೇಕಿತ್ತು. ಆಲ್ಫ್ರೆಡ್ ಬಿನೆ ಮತ್ತು ಥಿಯೋಡರ್ ಸಿಮೋನ್ 1905ರಲ್ಲಿ 30 ಕೆಲಸಗಳ ಒಂದು ಪಟ್ಟಿ ಮಾಡಿದರು, ಸುಲಭದಿಂದ ಕಷ್ಟಕ್ಕೆ. ಮುಂದೆ ಅದನ್ನು ವಯಸ್ಸಿನ ಪ್ರಕಾರ ಜೋಡಿಸಿದರು. ಎಂಟು ವರ್ಷದ ಹೆಚ್ಚಿನ ಮಕ್ಕಳು ಮಾಡುವ ಕೆಲಸವನ್ನು ಒಂದು ಮಗು ಮಾಡಿದರೆ ಅದರ ಮಾನಸಿಕ ವಯಸ್ಸು ಎಂಟು. ಬಿನೆಗೆ ಇದು ಮಗುವಿಗೆ ಸಹಾಯ ಮಾಡುವ ಸಾಧನ ಆಗಿತ್ತು. ಹುಟ್ಟಿನಿಂದ ಬಂದ ಬುದ್ಧಿ ಬದಲಾಗುವುದೇ ಇಲ್ಲ ಅನ್ನುವವರ ಜೊತೆ ಅವರು ಜಗಳಕ್ಕೇ ನಿಂತಿದ್ದರು. 1911ರಲ್ಲಿ ತೀರಿಕೊಂಡರು. ಅಷ್ಟರೊಳಗೇ ಅವರ ಟೆಸ್ಟ್ ಅಟ್ಲಾಂಟಿಕ್ ದಾಟಿ ಅಮೆರಿಕದಲ್ಲಿ ಬೇರೆಯವರ ಕೈಗೆ ಹೋಗಿತ್ತು. ಅಲ್ಲಿ ಅದನ್ನು ವಲಸಿಗರನ್ನು ಹೊರಗಿಡಲು, ಕೆಲವರಿಗೆ ಮಕ್ಕಳೇ ಆಗದ ಹಾಗೆ ಬಲವಂತದ ಆಪರೇಷನ್ ಮಾಡಿಸಲು ನೆಪ ಮಾಡಿಕೊಂಡರು. ಈ ಕ್ಷೇತ್ರದಲ್ಲಿ ಕೆಲಸ ಮಾಡುವ ನಾವು ಆ ಇತಿಹಾಸ ಮರೆಯುವ ಹಾಗಿಲ್ಲ.

ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸಿ ಅಂದವರು ಜರ್ಮನಿಯ ವಿಲಿಯಂ ಸ್ಟರ್ನ್, 1912ರಲ್ಲಿ. 100ರಿಂದ ಗುಣಿಸಿ ಐಕ್ಯೂ ಅಂತ ಜನಪ್ರಿಯ ಮಾಡಿದವರು ಸ್ಟ್ಯಾನ್‌ಫರ್ಡ್‌ನ ಲೂಯಿಸ್ ಟರ್ಮನ್, 1916ರಲ್ಲಿ. ಮಕ್ಕಳಿಗೆ ಈ ಲೆಕ್ಕ ನಡೆಯುತ್ತದೆ. ದೊಡ್ಡವರಿಗೆ ಕೈ ಕೊಡುತ್ತದೆ. 40 ವರ್ಷದವರಿಗೆ 60 ವರ್ಷದ ಮಾನಸಿಕ ವಯಸ್ಸು ಅಂದರೆ ಹೊಗಳಿಕೆಯೋ ಬೈಗುಳವೋ? 1939ರಲ್ಲಿ ನ್ಯೂಯಾರ್ಕಿನ ಡೇವಿಡ್ ವೆಕ್ಸ್ಲರ್ ಭಾಗಾಕಾರ ಬಿಟ್ಟು, ಮೇಲೆ ಹೇಳಿದ ಸಾಲಿನ ಲೆಕ್ಕ ತಂದರು. ಈಗ ಎಲ್ಲ ಕಡೆ ಹೆಚ್ಚಾಗಿ ಅದೇ.

ಟೆಸ್ಟ್ ರೂಮಿನಲ್ಲಿ ಏನು ನಡೆಯುತ್ತದೆ?

ಒಂದು ಮೇಜು, ಎರಡು ಕುರ್ಚಿ, ಸ್ಟಾಪ್‌ವಾಚ್. ಒಂದೂವರೆ ಗಂಟೆ ಹಿಡಿಯಬಹುದು. ಅಪ್ಪ ಅಮ್ಮ ಹೊರಗೆ.

ಕೆಂಪು ಬಿಳಿ ಬಣ್ಣದ ಘನಾಕೃತಿಯ ತುಂಡುಗಳನ್ನು ಕೊಟ್ಟು, ಚಿತ್ರದಲ್ಲಿರುವ ವಿನ್ಯಾಸ ಜೋಡಿಸು ಅನ್ನುತ್ತೇವೆ. ಇದಕ್ಕೆ ಟೈಮ್ ಇರುತ್ತದೆ. ಕಳೆದ ವರ್ಷ ಬಂದಿದ್ದ ಒಬ್ಬ ಹುಡುಗಿ ನಾಲಿಗೆ ತುದಿ ಹೊರಗೆ ಹಾಕಿಕೊಂಡು ಬೇಗ ಬೇಗ ಜೋಡಿಸಿದಳು, ಸರಿಯಾಗೇ ಇತ್ತು, ಆದರೆ ಒಂದು ತುಂಡಿನ ಅಂಚು ಒಂದು ಕೂದಲಷ್ಟು ಸೊಟ್ಟ ಕಂಡಿತು ಅಂತ ಮತ್ತೆ ಬಿಚ್ಚಿ ಜೋಡಿಸಲು ಕೂತಳು. ವಾಚು ಓಡುತ್ತಲೇ ಇತ್ತು. ನಾನು ಬಾಯಿ ಬಿಡುವ ಹಾಗಿಲ್ಲ. ಅಂಕ ಕಡಿಮೆ ಬಂತು. ಆದರೆ ಯಾಕೆ ಕಡಿಮೆ ಬಂತು ಅನ್ನುವುದು ರಿಪೋರ್ಟಿನಲ್ಲಿ ಒಂದು ಪ್ಯಾರಾ ಇದೆ, ನಂಬರಿಗಿಂತ ಆ ಪ್ಯಾರಾ ಮುಖ್ಯ.

ಮಾತಿನ ಭಾಗದಲ್ಲಿ ಎರಡು ವಸ್ತು ಹೇಳಿ ಹೋಲಿಕೆ ಕೇಳುತ್ತೇವೆ. ಉದಾಹರಣೆಗೆ ಸೈಕಲ್ಲಿಗೂ ಬಸ್ಸಿಗೂ ಏನು ಹೋಲಿಕೆ? "ಎರಡೂ ವಾಹನ" ಅಂದರೆ ಪೂರ್ತಿ ಅಂಕ. "ಎರಡಕ್ಕೂ ಚಕ್ರ ಇದೆ" ಅಂದರೆ ಅರ್ಧ. ಒಬ್ಬ ಆಟೋ ಡ್ರೈವರ್ ಮಗ ಇಂಥದ್ದೇ ಪ್ರಶ್ನೆಗೆ "ಎರಡೂ ನಮ್ಮಪ್ಪನ ಆಟೋಗೆ ಅಡ್ಡ ಬರ್ತವೆ" ಅಂದ. ಬೆಂಗಳೂರಿನಲ್ಲಿ ಇದಕ್ಕಿಂತ ನಿಜವಾದ ಉತ್ತರ ಇದೆಯಾ? ಪುಸ್ತಕದ ಪ್ರಕಾರ ಸೊನ್ನೆ. ಸೊನ್ನೆ ಹಾಕಿದೆ, ಪಕ್ಕದಲ್ಲಿ ಅವನ ಉತ್ತರವನ್ನೂ ಬರೆದಿಟ್ಟೆ.

ಇದಲ್ಲದೆ ಅಂಕಿಗಳನ್ನು ಕೇಳಿಸಿಕೊಂಡು ತಿರುಗಾಮುರುಗಾ ಹೇಳುವುದು, ಪದಗಳ ಅರ್ಥ, ಬಾಯಿಲೆಕ್ಕ, ಚಿಹ್ನೆಗಳನ್ನು ಬೇಗ ಬರೆಯುವುದು ಇರುತ್ತವೆ.

ಬುದ್ಧಿ ಒಂದೇನಾ, ಹಲವು ಇವೆಯಾ?

ನೂರು ವರ್ಷಕ್ಕೂ ಹಳೆಯ ಜಗಳ ಇದು. 1904ರಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಒಂದು ವಿಷಯ ಗಮನಿಸಿದರು. ಒಂದು ವಿಷಯದಲ್ಲಿ ಮುಂದಿರುವ ಮಕ್ಕಳು ಸಾಮಾನ್ಯವಾಗಿ ಬೇರೆ ವಿಷಯಗಳಲ್ಲೂ ಮುಂದಿರುತ್ತಾರೆ. ಇದರ ಹಿಂದೆ ಎಲ್ಲಕ್ಕೂ ಸಾಮಾನ್ಯವಾದ ಒಂದು ಅಂಶ ಇರಬೇಕು ಅಂದರು, ಅದಕ್ಕೆ 'ಜಿ' ಅಂತ ಹೆಸರಿಟ್ಟರು. ಈ ಸ್ಪಿಯರ್‌ಮನ್ ನಮಗೆ ಅಷ್ಟೇನೂ ದೂರದವರಲ್ಲ. ಲಂಡನ್ನಿನಲ್ಲಿ ಅವರ ಕೈಕೆಳಗೆ ಓದಿದ ಎಂ. ವಿ. ಗೋಪಾಲಸ್ವಾಮಿ ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಶುರುವಾದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿ ಬೆಳೆಸಿದರು. ಹೌದು, 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ 'ಆಕಾಶವಾಣಿ' ರೇಡಿಯೋ ಶುರು ಮಾಡಿದ ಅದೇ ಗೋಪಾಲಸ್ವಾಮಿ.

ಸ್ಪಿಯರ್‌ಮನ್ ಹೇಳಿದ್ದನ್ನು ಎಲ್ಲರೂ ಒಪ್ಪಲಿಲ್ಲ. 1938ರಲ್ಲಿ ಥರ್ಸ್ಟನ್ ಏಳು ಬೇರೆ ಬೇರೆ ಸಾಮರ್ಥ್ಯಗಳು ಇವೆ ಅಂದರು. ರೇಮಂಡ್ ಕ್ಯಾಟೆಲ್ ಎರಡು ಮಾಡಿದರು. ಹೊಸ ಸಮಸ್ಯೆಯನ್ನು ಸ್ಥಳದಲ್ಲೇ ಬಿಡಿಸುವ ಹರಿಯುವ ಬುದ್ಧಿ ಒಂದು, ಓದಿ ಅನುಭವಿಸಿ ಕೂಡಿಟ್ಟ ಗಟ್ಟಿ ಬುದ್ಧಿ ಇನ್ನೊಂದು. ಹರಿಯುವುದು ವಯಸ್ಸಾದಂತೆ ಇಳಿಯುತ್ತದೆ, ಕೂಡಿಟ್ಟದ್ದು ಬಹಳ ಕಾಲ ಉಳಿಯುತ್ತದೆ. ಮನೆಯಲ್ಲಿ ಹೊಸ ಫೋನ್ ಸೆಟ್ ಮಾಡಲು ಮೊಮ್ಮಗ ಬೇಕು, ಜಮೀನು ಪತ್ರದಲ್ಲಿ ಮೋಸ ಎಲ್ಲಿದೆ ಅಂತ ನೋಡಲು ಅಜ್ಜ ಬೇಕು, ಅಲ್ವಾ? 1993ರಲ್ಲಿ ಜಾನ್ ಕ್ಯಾರೊಲ್ 400ಕ್ಕೂ ಹೆಚ್ಚು ಹಳೆಯ ಅಧ್ಯಯನಗಳ ಲೆಕ್ಕಗಳನ್ನು ಮತ್ತೆ ಮಾಡಿ, ಮೂರು ಮಹಡಿಯ ಮನೆ ಥರ ಜೋಡಿಸಿದರು. ಕೆಳಗೆ ಹತ್ತಾರು ಸಣ್ಣ ಕೌಶಲ, ಮಧ್ಯದಲ್ಲಿ ಎಂಟು ದೊಡ್ಡ ಸಾಮರ್ಥ್ಯ, ಮೇಲೆ 'ಜಿ'. ಈಗಿನ ಟೆಸ್ಟುಗಳು ಹೆಚ್ಚಾಗಿ ಈ ಮನೆಯ ಪ್ಲಾನ್ ಮೇಲೇ ಕಟ್ಟಿದವು.

ಹೋವರ್ಡ್ ಗಾರ್ಡ್ನರ್ 1983ರಲ್ಲಿ ಹೇಳಿದ ಏಳು ಬುದ್ಧಿಗಳು, ಅಂದರೆ ಸಂಗೀತ, ದೇಹ, ಇತ್ಯಾದಿ, ನಮ್ಮ ಶಾಲೆಗಳಿಗೆ ಬಹಳ ಇಷ್ಟ. ಕೇಳಲು ಚೆನ್ನಾಗಿದೆ. ಆದರೆ ಅಳೆದು ನೋಡಿದಾಗ ಅವು ಒಂದಕ್ಕೊಂದು ಸಂಬಂಧವಿಲ್ಲದ ಬುದ್ಧಿಗಳು ಅನ್ನುವುದಕ್ಕೆ ಪುರಾವೆ ತೀರಾ ಕಡಿಮೆ.

ಕನ್ನಡದಲ್ಲಿ ಟೆಸ್ಟ್ ಇದೆಯಾ?

ಇದೆ, ಅದೂ ತೊಂಬತ್ತು ವರ್ಷದಿಂದ! ವಿ. ವಿ. ಕಾಮತ್ ಅವರು 1930ರ ದಶಕದಲ್ಲಿ ಬಿನೆ ಟೆಸ್ಟನ್ನು ಮರಾಠಿ ಮತ್ತು ಕನ್ನಡ ಮಕ್ಕಳಿಗೆ ಹೊಂದಿಸಿದರು. ಧಾರವಾಡ, ಬೆಳಗಾವಿ ಕಡೆಯೆಲ್ಲ ಆಗ ಬಾಂಬೆ ಪ್ರಾಂತ್ಯ, ಹಾಗಾಗಿ ಅದಕ್ಕೆ ಬಾಂಬೆ-ಕರ್ನಾಟಕ ಪರಿಷ್ಕರಣೆ ಅಂತ ಹೆಸರು. ಬಿನೆ-ಕಾಮತ್ ಟೆಸ್ಟ್ ಅಂತ ರಿಪೋರ್ಟಿನಲ್ಲಿ ಕಾಣುವುದು ಅದೇ. 1955ರಲ್ಲಿ ಸಿ. ಎಂ. ಭಾಟಿಯಾ ಓದು ಬರಹ ಬೇಕಿಲ್ಲದ, ಕೈಯಲ್ಲಿ ಮಾಡಿ ತೋರಿಸುವ ಐದು ಪರೀಕ್ಷೆಗಳ ಒಂದು ಸೆಟ್ ಮಾಡಿದರು. ವೆಕ್ಸ್ಲರ್ ಅವರ ಮಕ್ಕಳ ಟೆಸ್ಟನ್ನು ನಾಗ್ಪುರದಲ್ಲಿ ಎ. ಜೆ. ಮಾಲಿನ್ ನಮ್ಮ ಮಕ್ಕಳಿಗೆ ಒಗ್ಗಿಸಿದರು. ಪುಟ್ಟ ಮಕ್ಕಳ ಬೆಳವಣಿಗೆ ನೋಡಲು ಜೆ. ಭರತ್‌ರಾಜ್ ಮಾಡಿದ ಟೆಸ್ಟ್ ಇದೆ.

ಇವೆಲ್ಲ ಹಳೆಯವು ಅನ್ನುವುದೇ ತೊಂದರೆ. ಯಾಕೆ ತೊಂದರೆ ಅನ್ನುವುದು ಮುಂದಿನ ಪ್ರಶ್ನೆಯಲ್ಲಿದೆ.

ಟೆಸ್ಟ್ ಹಳೆಯದಾದರೆ ಏನಾಯಿತು? ಬುದ್ಧಿ ಅದೇ ತಾನೇ?

ಜೇಮ್ಸ್ ಫ್ಲಿನ್ 1980ರ ದಶಕದಲ್ಲಿ ಹಲವು ದೇಶಗಳ ಹಳೆಯ ಅಂಕಗಳನ್ನು ಕೂಡಿಸಿ ನೋಡಿದರು. ಪ್ರತಿ ಹತ್ತು ವರ್ಷಕ್ಕೆ ಸರಾಸರಿ ಸುಮಾರು 3 ಅಂಕ ಏರುತ್ತಾ ಬಂದಿತ್ತು. ಹಾಗಾದರೆ ನಮ್ಮ ಮುತ್ತಾತಂದಿರು ಪೆದ್ದರಾ? ಖಂಡಿತ ಅಲ್ಲ. ಶಾಲೆ ಜಾಸ್ತಿಯಾಯಿತು, ಊಟ ಸುಧಾರಿಸಿತು, ಬದುಕೇ ಚಿಹ್ನೆ, ಚಾರ್ಟು, ಮ್ಯಾಪುಗಳಿಂದ ತುಂಬಿಹೋಯಿತು. ಟೆಸ್ಟ್ ಕೇಳುವ ರೀತಿಯಲ್ಲೇ ಯೋಚಿಸುವುದನ್ನು ನಾವು ದಿನಾ ಅಭ್ಯಾಸ ಮಾಡುತ್ತಿದ್ದೇವೆ. ಇತ್ತೀಚೆಗೆ ನಾರ್ವೆ, ಡೆನ್ಮಾರ್ಕ್ ಥರದ ಕೆಲವು ದೇಶಗಳಲ್ಲಿ ಏರಿಕೆ ನಿಂತು ಇಳಿಯಲೂ ಶುರುವಾಗಿದೆ.

ಇದರ ಅರ್ಥ, ಹಳೆಯ ಕಾಲದ ಮಕ್ಕಳ ಸಾಲಿನಲ್ಲಿ ಇಂದಿನ ಮಗುವನ್ನು ನಿಲ್ಲಿಸಿದರೆ ಮಗು ಇರುವುದಕ್ಕಿಂತ ಎತ್ತರವಾಗಿ ಕಾಣಬಹುದು. ಸಹಾಯ ಬೇಕಿರುವ ಮಗು ಕೈತಪ್ಪಿ ಹೋಗಬಹುದು.

ಮಗ ಇಂಗ್ಲಿಷ್ ಮೀಡಿಯಂ. ಟೆಸ್ಟ್ ಇಂಗ್ಲಿಷಿನಲ್ಲೇ ಇರಲಿ ಅಲ್ವಾ?

ಬೇಡ. ಮಗು ಯಾವ ಭಾಷೆಯಲ್ಲಿ ಕನಸು ಕಾಣುತ್ತದೋ, ಯಾವ ಭಾಷೆಯಲ್ಲಿ ಜಗಳ ಆಡುತ್ತದೋ ಆ ಭಾಷೆಯಲ್ಲಿ ಮಾಡಿಸಿ. ಒಂದು ಸಲ ಬೇರೆ ಕಡೆ ಮಾಡಿಸಿದ ರಿಪೋರ್ಟ್ ಹಿಡಿದುಕೊಂಡು ಒಬ್ಬ ತಾಯಿ ಅಳುತ್ತಾ ಬಂದರು. ಎಂಟು ವರ್ಷದ ಹುಡುಗ, ಮಾತಿನ ಭಾಗದಲ್ಲಿ ತೀರಾ ಕಡಿಮೆ. ಪೂರ್ತಿ ಇಂಗ್ಲಿಷಿನಲ್ಲಿ ಕೇಳಿದ್ದರು. ನಾನು ಸ್ವಲ್ಪ ತಿಂಗಳು ಬಿಟ್ಟು ಕನ್ನಡದಲ್ಲಿ ಮಾಡಿದೆ. ನಾನೂ ಎಡವಿದೆ: "ಕೊಡೆ ಅಂದರೇನು?" ಅಂದೆ, ಹುಡುಗ ಸುಮ್ನೆ ಕೂತ. "ಛತ್ರಿ" ಅಂದೆ. ಎದ್ದು ನಿಂತು ಬಿಚ್ಚಿ ತೋರಿಸಿದ, ಮಳೆ, ಬಿಸಿಲು, ಅಜ್ಜನ ಊರುಗೋಲು ಎಲ್ಲ ಬಂತು. ಭಾಷೆ ಒಂದೇ ಅಲ್ಲ, ಆ ಮನೆಯ ಭಾಷೆ ಬೇಕು.

ಮಾತೇ ಇಲ್ಲದ ಟೆಸ್ಟ್ ಮಾಡಿದರೆ ನ್ಯಾಯ ಆಗುವುದಿಲ್ಲವಾ?

ಜಾನ್ ರೇವನ್ 1938ರಲ್ಲಿ ಪ್ರಕಟಿಸಿದ ಮೆಟ್ರಿಸಸ್ ಇದೇ ಆಸೆಯಿಂದ ಹುಟ್ಟಿದ್ದು. ಒಂದು ವಿನ್ಯಾಸ, ಅದರಲ್ಲಿ ಒಂದು ಚೂರು ಇಲ್ಲ, ಕೆಳಗಿನ ಆಯ್ಕೆಗಳಲ್ಲಿ ಸರಿಹೊಂದುವುದನ್ನು ಹುಡುಕು. ಮಾತು ಬೇಡ. ಆದರೆ ಫ್ಲಿನ್ ಕಂಡ ಏರಿಕೆ ಅತಿ ಜಾಸ್ತಿ ಇದ್ದದ್ದು ಇದೇ ಜಾತಿಯ ಟೆಸ್ಟುಗಳಲ್ಲಿ! ಅಂದರೆ ಸುತ್ತಲಿನ ಬದುಕು ಇದರೊಳಗೂ ನುಗ್ಗುತ್ತದೆ.

ಲೈಬೀರಿಯಾದ ಕ್ಪೆಲ್ಲೆ ಜನರ ಕಥೆ ನನಗೆ ಬಹಳ ಇಷ್ಟ. ಸಂಶೋಧಕರು ಅವರಿಗೆ ವಸ್ತುಗಳನ್ನು ಕೊಟ್ಟು ಗುಂಪು ಮಾಡಿ ಅಂದರು. ಅವರು ಚಾಕುವನ್ನು ಕಿತ್ತಳೆ ಹಣ್ಣಿನ ಜೊತೆ ಇಟ್ಟರು, ಚಾಕು ಕಿತ್ತಳೆ ಹೆಚ್ಚುತ್ತದಲ್ಲ. ಬುದ್ಧಿವಂತರು ಹೀಗೇ ಮಾಡುವುದು ಅಂದರು. ಸರಿ, ಪೆದ್ದ ಹೇಗೆ ಮಾಡುತ್ತಾನೆ ಅಂತ ಕೇಳಿದಾಗ ಆಹಾರ ಒಂದು ಕಡೆ, ಉಪಕರಣ ಒಂದು ಕಡೆ ನೀಟಾಗಿ ಜೋಡಿಸಿಟ್ಟರು. ನಮ್ಮ ಟೆಸ್ಟಿನಲ್ಲಿ ಪೂರ್ತಿ ಅಂಕ ಸಿಗುವುದು ಆ ಪೆದ್ದನಿಗೆ.

ಬುದ್ಧಿ ಹುಟ್ಟಿನಿಂದ ಬರುತ್ತಾ, ಬೆಳೆಸುವುದರಿಂದಲಾ?

ಎರಡೂ. ಅಮೆರಿಕದ ಮನಶ್ಶಾಸ್ತ್ರ ಸಂಘದ 1996ರ ವರದಿ ಅನುವಂಶೀಯತೆಯನ್ನು ಬಾಲ್ಯದಲ್ಲಿ ಸುಮಾರು 0.45, ಹದಿಹರೆಯ ಮುಗಿಯುವಾಗ ಸುಮಾರು 0.75 ಅಂದಿತು. ಇದನ್ನು "ಮಗುವಿನ ಬುದ್ಧಿಯಲ್ಲಿ 75 ಭಾಗ ಅಪ್ಪ ಅಮ್ಮನದು" ಅಂತ ಓದಬೇಡಿ. ಜನರ ನಡುವೆ ಇರುವ ವ್ಯತ್ಯಾಸದಲ್ಲಿ ಜೀನುಗಳ ಪಾಲು ಎಷ್ಟು ಅನ್ನುವುದು ಅದು, ಅದೂ ಆ ಸಮಾಜದಲ್ಲಿ. ಒಂದೇ ಚೀಲದ ರಾಗಿ ಬೀಜವನ್ನು ಅರ್ಧ ಮಂಡ್ಯದ ನಾಲೆ ಬಯಲಿಗೆ, ಅರ್ಧ ಪಾವಗಡದ ಬೆದ್ದಲಿಗೆ ಹಾಕಿ. ಒಂದೊಂದು ಹೊಲದ ಒಳಗೆ ತೆನೆ ಸಣ್ಣದು ದೊಡ್ಡದು ಆಗಿದ್ದರೆ ಅದು ಬೀಜದಿಂದ. ಎರಡು ಹೊಲಗಳ ನಡುವಿನ ವ್ಯತ್ಯಾಸ ನೀರಿನದು. ಒಂದು ಸಮುದಾಯವನ್ನು ಇನ್ನೊಂದರ ಜೊತೆ ಹೋಲಿಸಿ ರಕ್ತದ ಮಾತಾಡುವವರು ಈ ನೀರನ್ನು ಮರೆತಿರುತ್ತಾರೆ.

ಐಕ್ಯೂ ಹೆಚ್ಚಿಸಬಹುದಾ?

ಅಯೋಡಿನ್ ಇರುವ ಉಪ್ಪು, ಗರ್ಭಿಣಿಗೆ ಒಳ್ಳೆಯ ಊಟ, ಸೀಸದ ವಿಷ ಇಲ್ಲದ ಪರಿಸರ, ಶಾಲೆ. ಅಯೋಡಿನ್ ಕೊರತೆಯಿಂದ ಆಗುವ ಬುದ್ಧಿ ಹಾನಿಯನ್ನು ಒಂದು ಚಿಟಿಕೆ ಉಪ್ಪಿನಿಂದ ತಡೆಯಬಹುದು. 2018ರ ಒಂದು ದೊಡ್ಡ ವಿಶ್ಲೇಷಣೆಯ ಪ್ರಕಾರ ಶಾಲೆಯ ಒಂದೊಂದು ವರ್ಷ 1ರಿಂದ 5 ಅಂಕ ಕೂಡಿಸುತ್ತದೆ.

ಬ್ರೇನ್ ಗೇಮ್ ಆಪ್‌ಗಳು? 2010ರಲ್ಲಿ 11,430 ಜನರ ಮೇಲೆ ಆರು ವಾರ ಮಾಡಿದ ಪ್ರಯೋಗದಲ್ಲಿ, ಆಡಿದ ಆಟದಲ್ಲಿ ಮಾತ್ರ ಅವರು ಚುರುಕಾದರು, ಬೇರೆ ಯಾವುದರಲ್ಲೂ ಇಲ್ಲ. ದುಡ್ಡು ಉಳಿಸಿ.

ಬೆರಳಚ್ಚು ನೋಡಿ ಮಗುವಿನ ಬುದ್ಧಿ ಹೇಳುತ್ತಾರಂತೆ?

ಹಸ್ತಸಾಮುದ್ರಿಕಕ್ಕೆ ಸ್ಕ್ಯಾನರ್ ಜೋಡಿಸಿದ್ದಾರೆ, ಅಷ್ಟೇ. ಡಿಎಂಐಟಿ ಅನ್ನುವ ಈ ಟೆಸ್ಟಿಗೆ ವೈಜ್ಞಾನಿಕ ಆಧಾರ ಇಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ಮಿಡ್‌ಬ್ರೇನ್ ಕ್ಲಾಸ್ ಕೂಡ ಅದೇ ಸಾಲಿಗೆ. ಮೂಗಿನ ಪಕ್ಕದ ಸಂದಿಯಲ್ಲಿ ಕಾಣುತ್ತಿರುತ್ತದೆ, ನೀವೇ ಕಟ್ಟಿಕೊಂಡು ನೋಡಿ.

ಶಕುಂತಲಾ ದೇವಿ ಅವರ ಐಕ್ಯೂ ಎಷ್ಟಿತ್ತು?

ಎಲ್ಲರೂ ನಂಬರ್ ಕೇಳುತ್ತಾರೆ. ನಂಬರಿಗಿಂತ ಚೆನ್ನಾಗಿರುವ ಕಥೆ ಒಂದಿದೆ. ಶಾಲೆಗೇ ಸರಿಯಾಗಿ ಹೋಗದ ಈ ಬೆಂಗಳೂರಿನ ಹೆಣ್ಣುಮಗಳು 1980ರಲ್ಲಿ ಲಂಡನ್ನಿನಲ್ಲಿ 13 ಅಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದ್ದು ಎಲ್ಲರಿಗೂ ಗೊತ್ತು. 1988ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸನ್ ಈ ಶಕುಂತಲಾ ದೇವಿಯವರನ್ನು ಪರೀಕ್ಷಿಸಿದರು. 6,16,29,875ರ ಘನಮೂಲ ಕೇಳಿದರೆ, ಜೆನ್ಸನ್ ಅದನ್ನು ನೋಟ್‌ಬುಕ್ಕಿಗೆ ಬರೆದುಕೊಳ್ಳುವ ಮೊದಲೇ 395 ಅಂತ ಉತ್ತರ ಬಂತು. ಆಮೇಲೆ ಜೆನ್ಸನ್ ಲ್ಯಾಬಿನ ಸರಳ ವೇಗದ ಪರೀಕ್ಷೆಗಳನ್ನು ಮಾಡಿಸಿದರು, ದೀಪ ಹತ್ತಿದ ತಕ್ಷಣ ಬಟನ್ ಒತ್ತುವ ಥರದವು. ಅದರಲ್ಲಿ ಅವರ ವೇಗ ಸಾಧಾರಣವಾಗಿತ್ತು! ಮೆದುಳು ಹುಟ್ಟಾ ರಾಕೆಟ್ ಆಗಿರಲಿಲ್ಲ, ಸಂಖ್ಯೆಗಳ ಜೊತೆಗಿನ ಒಡನಾಟ ಮಾತ್ರ ಬೇರೆಯವರಿಗೆ ಇಲ್ಲದಷ್ಟು ಆಳವಾಗಿತ್ತು ಅಂತ ನಾನು ಓದಿಕೊಳ್ಳುತ್ತೇನೆ.

ಐಕ್ಯೂ ಜಾಸ್ತಿ ಇದ್ದರೆ ಮುಂದೆ ಬರುತ್ತಾರಾ?

ಶಾಲೆಯ ಅಂಕಗಳ ಜೊತೆ ಐಕ್ಯೂಗೆ ಸುಮಾರು 0.5 ಸಂಬಂಧ ಇದೆ (0 ಅಂದರೆ ಸಂಬಂಧವೇ ಇಲ್ಲ, 1 ಅಂದರೆ ಪೂರ್ತಿ ಸಂಬಂಧ). ಸೈಕಾಲಜಿಯಲ್ಲಿ ಇದು ದೊಡ್ಡದೇ. ಆದರೂ ಅಂಕಗಳ ವ್ಯತ್ಯಾಸದಲ್ಲಿ ಕಾಲು ಭಾಗಕ್ಕೆ ಮಾತ್ರ ಅದು ಲೆಕ್ಕ ಕೊಡುತ್ತದೆ. ಉಳಿದ ಮುಕ್ಕಾಲು ಭಾಗ ಹಠ, ಆರೋಗ್ಯ, ಮೇಷ್ಟ್ರು, ಮನೆ, ಅದೃಷ್ಟ. ಟರ್ಮನ್ 1921ರಿಂದ 1,500ಕ್ಕೂ ಹೆಚ್ಚು ಜಾಣ ಮಕ್ಕಳನ್ನು ಆರಿಸಿ ಜೀವನಪೂರ್ತಿ ಗಮನಿಸಿದರು. ಹೆಚ್ಚಿನವರು ಚೆನ್ನಾಗೇ ಬದುಕಿದರು, ನೊಬೆಲ್ ಯಾರಿಗೂ ಬರಲಿಲ್ಲ. ಟೆಸ್ಟಿನಲ್ಲಿ ಅಂಕ ಸಾಲದೆ ಹೊರಗುಳಿದ ಇಬ್ಬರು ಹುಡುಗರಿಗೆ ಬಂತು: ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವಾರೆಜ್.

70ಕ್ಕಿಂತ ಕಡಿಮೆ ಬಂದರೆ ಬುದ್ಧಿಮಾಂದ್ಯತೆ ಅಂತಾನಾ?

ನಂಬರ್ ಒಂದೇ ಸಾಲದು. ಮಗು ತಾನೇ ಬಟ್ಟೆ ಹಾಕಿಕೊಳ್ಳುತ್ತದಾ, ಅಂಗಡಿಗೆ ಹೋಗಿ ಚಿಲ್ಲರೆ ಎಣಿಸಿ ತರುತ್ತದಾ, ಓರಗೆಯವರ ಜೊತೆ ಬೆರೆಯುತ್ತದಾ ಅನ್ನುವುದನ್ನೂ ಅಳೆಯಬೇಕು. ಅದಕ್ಕೆ ವೈನ್‌ಲ್ಯಾಂಡ್ ಸಾಮಾಜಿಕ ಪ್ರೌಢತೆಯ ಮಾಪನ ಬಳಸುತ್ತೇವೆ. ಈ ಕೊರತೆ ಬೆಳೆಯುವ ವಯಸ್ಸಿನಲ್ಲೇ ಕಾಣಿಸಿಕೊಂಡಿರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಬೌದ್ಧಿಕ ಅಂಗವಿಕಲತೆ ಸೇರಿದೆ, ಮೀಸಲಾತಿಯಂಥ ಸೌಲಭ್ಯಗಳಿಗೆ ಪ್ರಮಾಣಪತ್ರದಲ್ಲಿ ಅಂಗವಿಕಲತೆ ಕನಿಷ್ಠ 40 ಶೇಕಡಾ ಅಂತ ಇರಬೇಕು. ಓದಲು ಬರೆಯಲು ಮಾತ್ರ ಒದ್ದಾಡುವ ಮಗುವಿನ ವಿಷಯವೇ ಬೇರೆ. ಅದು ಕಲಿಕೆಯ ತೊಂದರೆ ಇರಬಹುದು, ಐಕ್ಯೂ ಚೆನ್ನಾಗೇ ಇರಬಹುದು.

ಟೆಸ್ಟ್ ಮಾಡುವವರು ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟಾ ಅಂತ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು. ಮಾಡಿಕೊಂಡರೆ ಎದ್ದು ಬನ್ನಿ.

ಫೋನಿನಲ್ಲಿ ಟೆಸ್ಟ್ ಮಾಡಿದೆ, 148 ಬಂತು.

ರಿಪೋರ್ಟಿಗೆ ಎಷ್ಟು ದುಡ್ಡು ಕೇಳಿತು?

ಟೆಸ್ಟಿಗೆ ಮಗುವನ್ನು ತಯಾರು ಮಾಡುವುದು ಹೇಗೆ?

ಅಭ್ಯಾಸ ಮಾಡಿಸಬೇಡಿ. ಮೊದಲೇ ಪ್ರಶ್ನೆ ನೋಡಿದ ಮಗುವಿನ ಅಂಕಕ್ಕೆ ಅರ್ಥ ಇರುವುದಿಲ್ಲ. ಅದೇ ಟೆಸ್ಟನ್ನು ವರ್ಷದೊಳಗೆ ಮತ್ತೆ ಮಾಡಿಸುವುದೂ ಬೇಡ. ಕನ್ನಡಕ ಇದ್ದರೆ ತನ್ನಿ, ಕಿವಿ ಪರೀಕ್ಷೆ ಆಗಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಹಿಂದಿನ ರಾತ್ರಿ ನಿದ್ದೆ, ಬೆಳಗ್ಗೆ ತಿಂಡಿ. "ಇವತ್ತು ಪರೀಕ್ಷೆ" ಅನ್ನಬೇಡಿ, "ಒಬ್ಬರು ಆಂಟಿ ಜೊತೆ ಒಗಟು ಬಿಡಿಸೋಕೆ ಹೋಗ್ತಿದ್ದೀವಿ" ಅನ್ನಿ. ಬೆಳಗ್ಗೆ ಹತ್ತರ ಸ್ಲಾಟ್ ಒಳ್ಳೆಯದು. ಸಿಲ್ಕ್ ಬೋರ್ಡ್ ದಾಟಿ ಬರುವವರು ಹನ್ನೊಂದೂವರೆ ತೆಗೆದುಕೊಳ್ಳಿ.